ಅಂಚಿಗೆ ಮೂರು ಸಾಲು

ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳಿ? ನನಗಿಲ್ಲ ಅನ್ನುವವರ ಮಾತನ್ನು ಮಾತ್ರ ನಂಬಬೇಡಿ. ಕೆಲವರದು ಬೂದಿಯೊಳಗಿನ ಕೆಂಡದ ಹಾಗೆ ಸದ್ದಿಲ್ಲದೆ ಕೂತಿರುತ್ತದೆ, ಕೆಲವರದು ಹಸಿ ಸೌದೆಯ ಹಾಗೆ ಮನೆ ತುಂಬ ಹೊಗೆ ಎಬ್ಬಿಸುತ್ತದೆ. ಮೀಸೆಯಕ್ಕನದು ಎರಡನೆಯ ಜಾತಿ. ಅದು ಅವಳ ಗಂಡನಿಗೆ ಗೊತ್ತಿತ್ತು, ಮೈದುನನಿಗೆ ಗೊತ್ತಿತ್ತು, ಅಕ್ಕಪಕ್ಕದ ಗದ್ದೆಯವರಿಗೆಲ್ಲ ಗೊತ್ತಿತ್ತು. ಯಾರ ಮೇಲೆ ಅನ್ನುವುದೂ ಗೊತ್ತಿತ್ತು: ಓರಗಿತ್ತಿಯ ಮೇಲೆ, ಮೈದುನನ ಹೆಂಡತಿಯ ಮೇಲೆ. ಅವಳನ್ನು ಮನೆಯಲ್ಲೂ ಊರಲ್ಲೂ ಕಿರಿಯವಳು ಎಂದೇ ಕರೆಯುತ್ತಿದ್ದರು.

ಮೀಸೆಯಕ್ಕ ಎಂಬ ಹೆಸರು ಕೇಳಿ ನಗಬೇಡಿ. ಮೀಸೆ ಇದ್ದದ್ದು ಅವಳಿಗಲ್ಲ, ಅವಳು ಬೆಳೆಯುತ್ತಿದ್ದ ಭತ್ತಕ್ಕೆ. ಕೆಂಪು ಅಕ್ಕಿಯ, ದಪ್ಪ ಕಾಳಿನ, ಪ್ರತಿ ಕಾಳಿನ ತುದಿಗೂ ಬೆರಳುದ್ದ ಕೂದಲಿರುವ ಹಳೆಯ ತಳಿ ಅದು. ದಂಟಿನ ಬುಡ ನೇರಳೆ ಬಣ್ಣ. ಎತ್ತರವೋ, ಒಳಗೆ ನಿಂತ ಆಳು ಕಾಣಿಸುತ್ತಿರಲಿಲ್ಲ. ಎದೆಮಟ್ಟ ನೀರು ನಿಂತರೂ ತಲೆ ಎತ್ತಿಕೊಂಡೇ ಇರುತ್ತಿತ್ತು. ಅದೊಂದು ಗುಣ ಬಿಟ್ಟರೆ ಹೊಗಳುವಂಥದ್ದು ಬೇರೇನೂ ಇಲ್ಲ. ಉಳಿದವರ ಕೊಯ್ಲು ಮುಗಿದು ಒಂದೂವರೆ ತಿಂಗಳಾದ ಮೇಲೆ ಅದರ ಕೊಯ್ಲು. ಇಳುವರಿ ಕಡಿಮೆ, ಮೈಗೆ ತಾಗಿದರೆ ತುರಿಕೆ.

ಅವಳ ಒಂದೆಕರೆ ಗದ್ದೆ ಎಲ್ಲರ ಗದ್ದೆಗಿಂತ ತಗ್ಗಿನಲ್ಲಿ, ಹಳ್ಳದ ಮಗ್ಗುಲಿಗೇ ಇತ್ತು. ಮದುವೆಯಾಗಿ ಬಂದ ವರ್ಷವೇ ಅತ್ತೆ ಬೀಜದ ಚೀಲವನ್ನು ಅವಳ ಮುಂದಿಟ್ಟು, “ಈ ಗದ್ದೆಗೆ ಇದೇ ಸರಿ. ಬೇರೆ ಏನು ಹಾಕಿದ್ರೂ ಹಳ್ಳಕ್ಕೆ ಸುರಿದ ಹಾಗೆ” ಅಂದಿದ್ದಳು. ಅತ್ತೆಗೆ ಎದುರಾಡುವ ಕಾಲ ಅದಲ್ಲ. ಅತ್ತೆ ಹೋದಳು, ಅವಳ ಕಾಲವೂ ಹೋಯಿತು, ಮೀಸೆ ಭತ್ತ ಮಾತ್ರ ಉಳಿಯಿತು. ಮೂವತ್ತೊಂದು ವರ್ಷ ಅದನ್ನೇ ಬಿತ್ತಿದಳು, ಅದನ್ನೇ ಕೊಯ್ದಳು, ಅದನ್ನೇ ತಿಂದಳು, ಅದರ ಹೆಸರನ್ನೇ ಹೊತ್ತುಕೊಂಡು ತಿರುಗಿದಳು.

ಈ ನಡುವೆ ಮಳೆಗೆ ತಲೆ ಕೆಟ್ಟಿತು. ತಿಂಗಳಿಡೀ ಬರಬೇಕಾದದ್ದು ಎರಡೇ ದಿನದಲ್ಲಿ ಸುರಿದು ಹೋಗುವುದು, ಬಾ ಎಂದಾಗ ಕೈಕೊಡುವುದು, ಸಾಕು ಎಂದಾಗ ಬಂದು ಕೂರುವುದು. ಒಂದು ವರ್ಷವಂತೂ ಎಲ್ಲರೂ ಒಂದೇ ತಳಿ ಹಾಕಿದ್ದರು, ಎಲ್ಲರದೂ ಒಂದೇ ವಾರದಲ್ಲಿ ನೆಲಕಚ್ಚಿತು. ನಿಂತದ್ದು ಮೀಸೆಯಕ್ಕನ ಒಂದೆಕರೆ ಮಾತ್ರ. ಅದನ್ನು ಯಾರೂ ಗಮನಿಸಲಿಲ್ಲ. ಅವರವರ ಗೋಳು ಅವರವರಿಗಾಗಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಾಗೇ ಆಯಿತು. ನಲವತ್ತೊಂದು ಮನೆಯವರ ಸಹಕಾರ ಸಂಘ ಅಲ್ಲಿಯವರೆಗೆ ಗೊಬ್ಬರ ಹಂಚುವುದಕ್ಕಷ್ಟೇ ಇತ್ತು. ಈಗ ಅದು ಕಚೇರಿಯ ಗೋಡೆಯ ಮೇಲೆ ಒಂದು ದೊಡ್ಡ ಪಟ್ಟಿ ಬರೆಸಿತು. ಒಂಬತ್ತು ತಳಿ, ಯಾವ ಮನೆಗೆ ಯಾವುದು ಎಂದು ಎದುರಿಗೇ ಬರೆದಿತ್ತು. ಬೇಗ ಬರುವುದೊಂದು, ತಡವಾಗಿ ಬರುವುದೊಂದು, ಬಿಸಿಲು ತಡೆಯುವುದೊಂದು, ನೀರು ತಡೆಯುವುದೊಂದು. ಆಕಾಶ ಏನೇ ಆಟ ಆಡಲಿ, ಒಂಬತ್ತರಲ್ಲಿ ಎರಡಾದರೂ ನಿಲ್ಲಬೇಕು. ನಿಂತವರ ಫಸಲನ್ನು ಬಿದ್ದವರ ಜೊತೆ ಸಮನಾಗಿ ಹಂಚಿಕೊಂಡು ಉಣ್ಣಬೇಕು. ಒಂದೊಂದು ತಳಿಯ ಬೀಜವನ್ನೂ ವರ್ಷದಿಂದ ವರ್ಷಕ್ಕೆ ಆಯಾ ಮನೆಯವರೇ ಕಾಯಬೇಕು. ಪಟ್ಟಿ ಬಿಟ್ಟು ಬೇರೆ ಬಿತ್ತಿದವರು ಆ ಕೆಲಸ ಬಿಟ್ಟುಕೊಡಬೇಕು. ಇಷ್ಟೇ ಕಟ್ಟಳೆ. ಎಲ್ಲರೂ ಕೈಯೆತ್ತಿ ಒಪ್ಪಿದರು, ಮೀಸೆಯಕ್ಕನೂ ಎತ್ತಿದಳು.

ಹುಲ್ಲು ಸುಡುವುದೂ ನಿಂತಿತು, ಅದೀಗ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು. ಗದ್ದೆಯ ನೀರನ್ನು ಸರದಿಯ ಮೇಲೆ ಬಸಿದು ಒಣಗಿಸುವುದೂ ಶುರುವಾಯಿತು. ಸದಾ ನೀರು ನಿಂತ ಕೆಸರಿನಿಂದ ಏಳುವ ಅನಿಲ ಮೇಲೆ ಹೋಗಿ ಗಾಳಿಯನ್ನೇ ಕಾಯಿಸುತ್ತದೆ ಎಂದು ಸಂಘದ ಕಾರ್ಯದರ್ಶಿ ಹೇಳಿದಾಗ ಮುದುಕರೊಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ನನ್ನ ಗದ್ದೆ ಕೆಸರಿಗೆ ಅಷ್ಟೊಂದು ತಾಕತ್ತಾ ಸಾರ್?”

“ನಿಮ್ಮೊಬ್ಬರದಕ್ಕಿಲ್ಲ ತಾತ, ಎಲ್ಲರದೂ ಸೇರಿದ್ರೆ ಇದೆ. ಕೆಟ್ಟದ್ದು ಹೇಗೋ ಒಳ್ಳೇದೂ ಹಾಗೇ” ಅಂದರು ಕಾರ್ಯದರ್ಶಿ.

ಪಟ್ಟಿಯಲ್ಲಿ ಒಂದೊಂದು ತಳಿಗೆ ಎರಡಾದರೂ ಮನೆ ಇದ್ದವು. ಮೀಸೆ ಭತ್ತಕ್ಕೆ ಇದ್ದ ಇನ್ನೊಂದು ಮನೆಯವರು ಎರಡೇ ವರ್ಷಕ್ಕೆ ತುರಿಕೆ ತಡೆಯಲಾರದೆ ಕೈಮುಗಿದರು. ಹಾಗಾಗಿ ಆ ಸಾಲಿನಲ್ಲಿ ಉಳಿದದ್ದು ಮೀಸೆಯಕ್ಕ ಒಬ್ಬಳೇ. ವರ್ಷ ದಾಟಿದ ಬೀಜ ಸರಿಯಾಗಿ ಮೊಳೆಯದು, ಆದ್ದರಿಂದ ಉಗ್ರಾಣದಲ್ಲಿ ಇಡುವಂತೆಯೂ ಇಲ್ಲ. ಪ್ರತಿ ವರ್ಷ ಬಿತ್ತಲೇಬೇಕು. ಅವಳ ಮನೆಯ ಮಡಕೆಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇನ್ನು ಕಿರಿಯವಳ ಕಥೆಗೆ ಬನ್ನಿ. ಅವಳು ಬಂದು ಒಂಬತ್ತೇ ವರ್ಷ. ಬಾಯಿ ತೆರೆದರೆ “ಅಕ್ಕಾ, ಅಕ್ಕಾ”. ಪಾಲಾದಾಗ ಅವಳ ಗಂಡನಿಗೆ ಸಿಕ್ಕದ್ದು ಮೇಲಿನ ಗದ್ದೆ, ಬಂಗಾರದಂಥ ಮಣ್ಣು. ಪಟ್ಟಿಯಲ್ಲಿ ಅವಳಿಗೆ ಬಂದದ್ದು ಬೆಳ್ಳಿ ಎಂಬ ತಳಿ. ಗಿಡ್ಡ ಗಿಡ, ಸಣ್ಣ ಕಾಳು, ಮಲ್ಲಿಗೆಯಂಥ ಅಕ್ಕಿ. ನಾಲ್ಕೇ ತಿಂಗಳಿಗೆ ಗದ್ದೆ ತುಂಬ ತೆನೆ ಬಾಗಿಸಿಕೊಂಡು ನಿಲ್ಲುತ್ತಿತ್ತು. ಅದೃಷ್ಟ ಅಂದರೆ ಅದು. ಕಿರಿಯವಳು ಕಷ್ಟಪಡುತ್ತಿರಲಿಲ್ಲ ಅಂತಲ್ಲ, ಪಡುತ್ತಿದ್ದಳು. ಅದೇ ಮೀಸೆಯಕ್ಕನಿಗೆ ಇನ್ನೂ ದೊಡ್ಡ ಸಂಕಟ. ಸೋಮಾರಿಯಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು.

ಬೇರೆ ಬೇರೆ ಊರಿನ ಸಂಘದವರು ನೋಡಲು ಬರತೊಡಗಿದರು. ಎಲ್ಲರೂ ಹೋಗುತ್ತಿದ್ದದ್ದು ಮೇಲಿನ ಗದ್ದೆಗೆ. ಒಂದು ದಿನ ಕಚೇರಿಯ ಗೋಡೆಗೆ, ಪಟ್ಟಿಯ ಪಕ್ಕದಲ್ಲೇ, ಬಾಗಿಲಗಲದ ಫೋಟೋ ಬಂತು. ತೋಳಿನ ತುಂಬ ತೆನೆ ಹಿಡಿದು ನಗುತ್ತಿರುವ ಕಿರಿಯವಳು, ಕೆಳಗೆ ‘ಕೂಡಿ ಬೆಳೆದರೆ ಕೇಡಿಲ್ಲ’ ಎಂಬ ಅಕ್ಷರ. ನೀರಿನ ಸರದಿಯ ಚೀಟಿ ತರಲು ವಾರಕ್ಕೆ ಎರಡು ಸಲ ಮೀಸೆಯಕ್ಕ ಅಲ್ಲಿಗೆ ಹೋಗಲೇಬೇಕು. ಬೆಂಚಿನ ಮೇಲೆ ಎಲ್ಲಿ ಕೂತರೂ ಫೋಟೋ ಎದುರಿಗೇ.

“ಮೂವತ್ತೊಂದು ವರ್ಷ ದುಡಿದವಳಿಗೆ ಅಂಗೈಯಗಲದ ಫೋಟೋ ಇಲ್ಲ. ನಿನ್ನೆ ಬಂದವಳಿಗೆ ಗೋಡೆ ಅಳತೇದು” ಎಂದು ಗಂಡನ ಮುಂದೆ ಹಲ್ಲು ಕಡಿದಳು.

“ಅದರಲ್ಲಿ ತೆನೆ ನೋಡು, ಅವಳನ್ನ ಯಾಕೆ ನೋಡ್ತೀಯ?”

“ನೀವೂ ಅವಳ ಕಡೆಗೇನಾ?”

“ನಾನು ಊಟದ ಕಡೆಗೆ. ಬಡಿಸ್ತೀಯೋ ಇಲ್ವೋ?” ಅಂದ ಗಂಡ. ಮಾತನ್ನು ಹಾರಿಸುವುದರಲ್ಲಿ ಅವನದು ಪಳಗಿದ ಕೈ.

ಇಷ್ಟರಲ್ಲೇ ಇದ್ದಿದ್ದರೆ ಹೊಗೆ ಹೊಗೆಯಾಗಿಯೇ ಇರುತ್ತಿತ್ತು. ಬೆಂಕಿ ಹತ್ತಿದ್ದು ಒಂದು ನಗುವಿನಿಂದ. ಪರವೂರಿನ ತಂಡವೊಂದು ಬದುವಿನ ಮೇಲೆ ಸಾಲಾಗಿ ಬರುತ್ತಿತ್ತು, ಮುಂದೆ ಕಿರಿಯವಳು. ಮೀಸೆಯಕ್ಕ ತನ್ನ ಗದ್ದೆಯೊಳಗೆ ಕಳೆ ಕೀಳುತ್ತಿದ್ದಳು. ಎತ್ತರದ ಪೈರಿನಲ್ಲಿ ಅವಳು ಅವರಿಗೆ ಕಾಣಿಸಲಿಲ್ಲ. ತಂಡದವನೊಬ್ಬ ಮೀಸೆಗೆ ಕೈ ತಾಗಿಸಿಕೊಂಡು, “ಅಬ್ಬಾ! ಇದೇನು, ಗದ್ದೆ ತುಂಬ ಕಳೆ ಬಿಟ್ಟಿದ್ದಾರೆ?” ಅಂದ. ಕಿರಿಯವಳು ಕಿಸಕ್ಕನೆ ನಕ್ಕಳು. ಮರುಗಳಿಗೆಯೇ, “ಅಯ್ಯೋ ಇಲ್ಲ, ಅದು ನಮ್ಮಕ್ಕನ ಭತ್ತ” ಎಂದು ತಿದ್ದಿದಳು, ನಿಜ. ಆದರೆ ಮೀಸೆಯಕ್ಕನ ಕಿವಿಯಲ್ಲಿ ತಿದ್ದಿದ್ದು ಉಳಿಯಲಿಲ್ಲ, ನಕ್ಕದ್ದು ಉಳಿಯಿತು.

ಆ ವರ್ಷ ಬೆಳ್ಳಿಯ ಕೊಯ್ಲಿಗೆ ಗಂಡ ಹೆಂಡತಿ ಇಬ್ಬರೂ ಹೋದರು. ಅಲ್ಲಿನ ಪದ್ಧತಿ ಏನೆಂದರೆ, ಯಾರ ಗದ್ದೆ ಕೊಯ್ದರೂ ಕೊಯ್ದವರು ಸಂಜೆ ಒಂದೊಂದು ಕಟ್ಟು ತೆನೆ ಹೊತ್ತು ಮನೆಗೆ ಹೋಗಬೇಕು. ನಾಲ್ಕು ದಿನಕ್ಕೆ ಇಬ್ಬರದೂ ಸೇರಿ ಎಂಟು ಕಟ್ಟಾಯಿತು. ಬೇರೆಯವರು ಅದನ್ನು ಬಡಿದು ಗಿರಣಿಗೆ ಕೊಟ್ಟು ಉಂಡರು. ಮೀಸೆಯಕ್ಕ ಬೇರೆಯಾಗಿ ಬಡಿದು, ತೂರಿ, ಜೊಳ್ಳು ತೆಗೆದು, ನೆರಳಲ್ಲಿ ಒಣಗಿಸಿ, ಮಡಕೆಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿದಳು. ಒಂದೆಕರೆಗೆ ಸಾಕಾಗುವಷ್ಟು ಬೀಜ.

ಗಂಡನಿಗೆ ಗೊತ್ತಾದದ್ದು ಸಸಿಮಡಿ ಹಾಕುವ ದಿನ.

“ಏನೇ ಇದು? ತಗ್ಗಿನ ಗದ್ದೆಗೆ ಬೆಳ್ಳಿನಾ? ತಲೆ ನೆಟ್ಟಗಿದೆಯಾ ನಿಂಗೆ?”

“ಹೋದ ವರ್ಷ ಹಳ್ಳ ಉಕ್ಕಿತಾ? ಅದರ ಹಿಂದಿನ ವರ್ಷ ಉಕ್ಕಿತಾ? ಅವಳ ಗದ್ದೇಲಿ ಬರೋದು ನನ್ನ ಗದ್ದೇಲಿ ಯಾಕೆ ಬರಲ್ಲ? ನನ್ನ ಕೈಯೇನು ಸೇದಿ ಹೋಗಿದ್ಯಾ? ಈ ಸಲ ಕಣದಲ್ಲಿ ಅವಳ ರಾಶಿ ಪಕ್ಕ ನನ್ನ ರಾಶಿ ಹಾಕ್ತೀನಿ. ಅವಳದ್ದಕ್ಕಿಂತ ಒಂದು ಗೇಣು ಎತ್ತರ ಇರಬೇಕು. ಆಮೇಲೆ ನೋಡೋಣ ಯಾರು ನಗ್ತಾರೆ ಅಂತ.”

“ಸಂಘದ ಪಟ್ಟಿ?”

“ರಾಶಿ ನೋಡಿದ ಮೇಲೆ ಪಟ್ಟಿ ಯಾರು ನೋಡ್ತಾರೆ?”

ತಾನು ಮಾಡುತ್ತಿರುವುದು ದಡ್ಡತನ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆ ಗದ್ದೆಯ ಒಂದೊಂದು ಮೂಲೆಯಲ್ಲಿ ನೀರು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅವಳಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಏನು ಮಾಡುವುದು, ಹೊಟ್ಟೆಯ ಉರಿ ಬುದ್ಧಿಯ ಅಪ್ಪಣೆ ಕೇಳಿಕೊಂಡು ಹತ್ತುವುದಿಲ್ಲವಲ್ಲ.

ನಾಟಿಗೆ ಹೆಂಗಸರು ಮನೆಮನೆಗೆ ಸರದಿಯ ಮೇಲೆ ಹೋಗುತ್ತಿದ್ದರು. ನೇರಳೆ ಬುಡ ಕಾಣದಿದ್ದರೆ ಅವರು ಅಲ್ಲೇ ಹಿಡಿದುಬಿಡುತ್ತಾರೆ. ಅದಕ್ಕೆ, “ಈ ಸಲ ನಾವಿಬ್ಬರೇ ಮಾಡ್ಕೋತೀವಿ, ಕೂತು ಕೂತು ಮೈ ಜಡ್ಡು ಹಿಡಿದಿದೆ” ಎಂದು ಹೇಳಿಕಳಿಸಿದಳು. ಆರು ದಿನ ಗಂಡ ಹೆಂಡತಿ ಬಗ್ಗಿ ನೆಟ್ಟರು. ಗಂಡನ ಸೊಂಟ ಹೋಯಿತು, ಮಾತೂ ಹೋಯಿತು. ಮೀಸೆ ಭತ್ತದ ಬೀಜದಲ್ಲಿ ಎರಡು ಸೇರು ಮಾತ್ರ ಮೊಳಕೆಗೆ ಹಾಕಿದ್ದಳು. ಆ ಸಸಿಗಳನ್ನು ಗದ್ದೆಯ ನಾಲ್ಕೂ ಅಂಚಿಗೆ, ಬದುವಿನ ಬುಡದಲ್ಲಿ, ಮೂರು ಸಾಲು ನೆಟ್ಟಳು. ಬದುವಿನ ಮೇಲೆ ಓಡಾಡುವವರಿಗೆ ಕಾಣುವುದು ನೇರಳೆ ಬುಡ ಮತ್ತು ಎತ್ತರದ ಪೈರು. ಒಳಗಿನ ಗಿಡ್ಡ ಬೆಳ್ಳಿಯನ್ನು ನೋಡಬೇಕಾದರೆ ಕೆಸರಿಗಿಳಿಯಬೇಕು. ಉಳಿದ ಬೀಜವನ್ನು ಗಿರಣಿಗೆ ಹಾಕಿಸಿ ಅಕ್ಕಿ ಮಾಡಿಸಿ ಡಬ್ಬಿಗೆ ತುಂಬಿದಳು.

ಎಲ್ಲವೂ ಅವಳೆಣಿಸಿದ ಹಾಗೇ ನಡೆಯಿತು. ಒಳಗೆ ಬೆಳ್ಳಿ ಸೊಂಪಾಗಿ ತೆಂಡೆಯೊಡೆಯಿತು. ದಿನಾ ಬೆಳಿಗ್ಗೆ ಸಾಲು ಸರಿಸಿ ಒಳಹೊಕ್ಕು ನೋಡಿ, ಮೇಲಿನ ಗದ್ದೆಯ ಬದುವಿಗೂ ಹೋಗಿ ನೋಡಿ ಬರುತ್ತಿದ್ದಳು. ತನ್ನದೇ ಒಂದು ಕೈ ಮೇಲು ಅನ್ನಿಸಿದ ದಿನ ಗಂಡನಿಗೆ ಎರಡು ತುತ್ತು ಹೆಚ್ಚು ಬಡಿಸುತ್ತಿದ್ದಳು.

ಪೈರಿಗೆ ಎರಡೂವರೆ ತಿಂಗಳಾದಾಗ ಸಂಘದ ಸಭೆ ಸೇರಿತು. ಕಾರ್ಯದರ್ಶಿ ಎದ್ದು ನಿಂತರು.

“ಮಳೆ ವರ್ಷ ವರ್ಷಕ್ಕೂ ಜೋರಾಗ್ತಿದೆ. ತಗ್ಗಿನಲ್ಲಿ ಗದ್ದೆ ಇರೋ ಹನ್ನೊಂದು ಮನೆಯವರೂ ಮುಂದಿನ ವರ್ಷದಿಂದ ಮೀಸೆ ಭತ್ತ ಹಾಕೋದು ಅಂತ ತೀರ್ಮಾನ ಆಗಿದೆ. ನಾವು ಇಷ್ಟು ವರ್ಷ ಅದನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ, ತಪ್ಪು ನಮ್ಮದೇ. ಆದರೆ ಒಬ್ಬರು ಬಿಡದೆ ಕಾಪಾಡಿಕೊಂಡು ಬಂದಿದ್ದಾರೆ. ಈಗ ಅವರ ಗದ್ದೇಲಿ ಇರೋದೇ ನಮ್ಮೆಲ್ಲರ ಬೀಜ. ಅಕ್ಕಾ, ಸ್ವಲ್ಪ ಎದ್ದು ನಿಲ್ಲಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಕಿರಿಯವಳು ಎಲ್ಲರಿಗಿಂತ ಮೊದಲು ಶುರುಮಾಡಿ ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದಳು. ತಗ್ಗಿನ ಗದ್ದೆಯ ಅಜ್ಜಿಯೊಬ್ಬಳು ಹತ್ತಿರ ಬಂದು ಮೀಸೆಯಕ್ಕನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಎರಡು ವರ್ಷದಿಂದ ಆ ಅಜ್ಜಿಯ ಗದ್ದೆ ಒಂದು ಕಾಳೂ ಕೊಟ್ಟಿರಲಿಲ್ಲ. ನೆರೆ ಬರಬೇಕಂತಿಲ್ಲ, ನಾಲ್ಕು ದಿನ ನೀರು ನಿಂತರೂ ಅಲ್ಲಿ ಬೇರು ಕೊಳೆಯುತ್ತಿತ್ತು.

ಆಗ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಚಪ್ಪಾಳೆ ಇದೆಯಲ್ಲ, ಮೂವತ್ತೊಂದು ವರ್ಷ ಕಾದ ಚಪ್ಪಾಳೆ, ಅದೂ ಕಿರಿಯವಳ ಕೈಯಿಂದಲೇ. ಅದನ್ನು ಬಾಯಾರೆ ಬೇಡ ಅನ್ನಲು ಯಾರಿಗೆ ಮನಸ್ಸು ಬಂದೀತು? ಮೀಸೆಯಕ್ಕ ನಕ್ಕಳು. ಕಾರ್ಯದರ್ಶಿ ಫೋಟೋ ಕೂಡ ತೆಗೆದುಕೊಂಡರು.

ಮನೆಗೆ ಓಡೋಡಿ ಬಂದು ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಇದ್ದದ್ದು ಸಿಪ್ಪೆ ಹೋದ ಕೆಂಪು ಅಕ್ಕಿ. ಅದನ್ನು ಬೊಗಸೆಯಲ್ಲಿ ಹಿಡಿದು ಒಂದಾದರೂ ಇಡೀ ಭತ್ತ ಸಿಕ್ಕೀತೇನೋ ಎಂದು ಕಿಟಕಿಯ ಬೆಳಕಿಗೆ ಒಡ್ಡಿ ಒಡ್ಡಿ ಹುಡುಕಿದಳು. ಹದಿನಾಲ್ಕು ಸಿಕ್ಕವು.

“ಬಿತ್ತೋ ಬೀಜ ಬೇಯಿಸಿಕೊಂಡು ತಿಂದ್ವಲ್ಲ” ಅಂದ ಗಂಡ. ಈ ಸಲ ಅವನು ಮಾತು ಹಾರಿಸಲಿಲ್ಲ. “ಈಗಲೇ ಹೋಗಿ ಹೇಳು.”

“ಅಂಚಿನಲ್ಲಿ ಇದೆಯಲ್ಲ. ಏನೋ ಒಂದು ಮಾಡಿದ್ರಾಯ್ತು.”

“ಹನ್ನೊಂದು ಮನೆಗೆ ಆಗುತ್ತಾ?”

“ನನ್ನನ್ನ ಕೊಲ್ಲಬೇಡಿ” ಎಂದು ಕಿರುಚಿ ಅವಳು ಹಿತ್ತಲಿಗೆ ಹೋದಳು.

ಬೆಳ್ಳಿ ಕೊಯ್ಲಿಗೆ ಹದಿನೈದು ದಿನ ಇರುವಾಗ ಮಳೆ ಹಿಡಿಯಿತು. ಎರಡು ಹಗಲು, ಎರಡು ರಾತ್ರಿ ಬಿಡದೆ ಸುರಿಯಿತು. ಹಳ್ಳ ಉಕ್ಕಿ ತಗ್ಗಿನ ಗದ್ದೆಗಳನ್ನೆಲ್ಲ ನುಂಗಿತು, ನಡುವಿನವನ್ನೂ ನುಂಗಿತು, ಮೇಲಿನ ಗದ್ದೆಗಳಿಗೆ ಮೊಣಕಾಲಿನಷ್ಟು ನೀರು ಬಂತು. ಇಳಿಯಲು ಐದು ದಿನ ಬೇಕಾಯಿತು. ಆರನೆಯ ದಿನ ಬೆಳಿಗ್ಗೆ ಸಂಘದವರೆಲ್ಲ ಒಟ್ಟಾಗಿ ಹೊರಟರು. ತಮ್ಮ ತಮ್ಮ ಗದ್ದೆ ನೋಡಲಿಕ್ಕಲ್ಲ. ಅದು ಏನಾಗಿದೆ ಎಂದು ನೋಡದೆಯೇ ಗೊತ್ತಿತ್ತು. ಅವರು ಹೊರಟದ್ದು ಮೀಸೆಯಕ್ಕನ ಗದ್ದೆಗೆ. ಅಜ್ಜಿ ಕೂಡ ಕೋಲೂರಿಕೊಂಡು ಬಂದಿದ್ದಳು.

ದೂರದಿಂದ ನೋಡಿದವರು, “ನಿಂತಿದೆ! ನಿಂತಿದೆ!” ಎಂದು ಕೂಗಿದರು. ನಿಂತಿತ್ತು, ಹೌದು. ನಾಲ್ಕೂ ಅಂಚಿನಲ್ಲಿ ಮೂರು ಮೂರು ಸಾಲು, ಮೈಗೆಲ್ಲ ಕೆಸರು ಮೆತ್ತಿಕೊಂಡು, ತಲೆ ಮೇಲೆತ್ತಿ ನಿಂತಿತ್ತು. ಹತ್ತಿರ ಬಂದ ಮೇಲೆ ನಡುವಿನದು ಕಂಡಿತು. ಅಲ್ಲಿ ಏನೂ ಇರಲಿಲ್ಲ. ಕೊಳೆತ ಪೈರು ಕೆಸರಿಗೆ ಅಂಟಿಕೊಂಡು ನಾರುತ್ತಿತ್ತು. ಗದ್ದೆಯು ಅಂಚು ಮಾತ್ರ ಉಳಿದ ತಟ್ಟೆಯಂತೆ ಎಲ್ಲರ ಮುಂದೆ ಬಿದ್ದಿತ್ತು.

ಕಿರಿಯವಳು ಕೆಸರಿಗಿಳಿದು ನಡುವಿನಿಂದ ಒಂದು ಬುಡ ಕಿತ್ತಳು. ಬೆರಳಿನಿಂದ ಕೆಸರು ಒರೆಸಿ ಹೊರಗಿನ ಪದರ ಸುಲಿದಳು. ನೇರಳೆ ಇರಲಿಲ್ಲ. ತೆನೆ ತಿರುವಿ ನೋಡಿದಳು. ಮೀಸೆಯೂ ಇರಲಿಲ್ಲ.

“ಅಕ್ಕಾ, ಇದು ನನ್ನ ಬೆಳ್ಳಿ” ಅಂದಳು.

“ಹೌದು, ನಿಂದೇ!” ಮೀಸೆಯಕ್ಕ ಕಿರುಚಿದಳು. “ನಿನ್ನ ಗದ್ದೆ ಕೊಯ್ದು ತಂದದ್ದು. ಬಿತ್ತಿದೆ. ಏನೀಗ? ಹೊಟ್ಟೆಕಿಚ್ಚು ನಂಗೆ, ನಿನ್ನ ಕಂಡ್ರೆ ಹೊಟ್ಟೆಕಿಚ್ಚು! ಒಂಬತ್ತು ವರ್ಷದಿಂದ ಉರೀತಿದ್ದೀನಿ. ಎಲ್ಲರೂ ನಿನ್ನ ಗದ್ದೆಗೇ ಹೋಗ್ತಾರೆ, ನಿನ್ನನ್ನೇ ಗೋಡೆ ಮೇಲೆ ಹಾಕ್ತಾರೆ. ನನ್ನ ಭತ್ತಾನ ಅವನ್ಯಾರೋ ಕಳೆ ಅಂದ, ನೀನು ನಕ್ಕೆ. ನಾನು ಒಳಗೇ ಇದ್ದೆ. ನಕ್ಕಿದ್ದು ಕೇಳಿಸಿಕೊಂಡೆ.”

ಕಿರಿಯವಳ ಮುಖ ಬಿಳಿಚಿತು.

ಅಜ್ಜಿಗೆ ಈ ಓರಗಿತ್ತಿಯರ ಜಗಳ ಅರ್ಥವಾಗಲಿಲ್ಲ, ಬೇಕೂ ಇರಲಿಲ್ಲ. ಅವಳು ಮೀಸೆಯಕ್ಕನ ಕಡೆ ತಿರುಗಿ, “ಹಾಗಾದ್ರೆ ನಮಗೆ ಬೀಜ ಇಲ್ವೇನಮ್ಮಾ?” ಅಂದಳು.

ಮೀಸೆಯಕ್ಕ ಬದುವಿನ ಮೇಲೆ ಕುಸಿದು ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಎರಡು ದಿನ ಬಿಟ್ಟು ಸಭೆ ಸೇರಿತು. ಅಂಚಿನ ಸಾಲು ಪೂರಾ ಕೈಗೆ ಸಿಕ್ಕರೆ ಎರಡು ಗದ್ದೆಗೆ ಬೀಜವಾದೀತು ಎಂದು ಅಂದಾಜಾಯಿತು. ಉಳಿದ ಮನೆಯವರು ಇನ್ನೊಂದು ವರ್ಷ ಕಾಯಬೇಕು, ಹಳ್ಳವೂ ಕಾಯಬೇಕು. ಪಟ್ಟಿ ಬಿಟ್ಟು ಬಿತ್ತಿದ್ದರಿಂದ ಬೀಜ ಕಾಯುವ ಕೆಲಸ ಮೀಸೆಯಕ್ಕನಿಂದ ಹೋಯಿತು. ಅದನ್ನು ಯಾರು ಹೊರುತ್ತಾರೆ ಎಂದು ಕೇಳಿದಾಗ ಎಲ್ಲರೂ ನೆಲ ನೋಡಿದರು. ಕಿರಿಯವಳು, “ನನ್ನ ಅರ್ಧ ಗದ್ದೆ ಅದಕ್ಕೆ ಬಿಡ್ತೀನಿ” ಅಂದಳು. ಭೇಷ್ ಅಂದರು ಎಲ್ಲರೂ. ನೋಡಿ, ಅಲ್ಲೂ ಅವಳದೇ ಮೇಲುಗೈ ಆಯಿತು.

ಮೀಸೆಯಕ್ಕ ಎದ್ದು, “ಈ ವರ್ಷದ ಪಾಲಿನಲ್ಲಿ ನಮ್ಮನೇದು ಅರ್ಧ ಕಡಿಮೆ ಮಾಡಿ” ಎಂದು ಕೇಳಿಕೊಂಡಳು. ಕಾರ್ಯದರ್ಶಿ ಕಟ್ಟಳೆಯ ಹಾಳೆಯನ್ನು ತಿರುಗಿಸಿ ನೋಡಿ, ಹಾಗೆ ಮಾಡಲು ಇದರಲ್ಲಿ ದಾರಿಯಿಲ್ಲ, ಪಾಲು ಎಲ್ಲರಿಗೂ ಸಮವೇ ಎಂದರು. ಮೇಲಿನ ಗದ್ದೆಗಳಲ್ಲಿ ಉಳಿದದ್ದೇ ಅಷ್ಟಿಷ್ಟು. ಅದರಲ್ಲಿ ಅವಳ ಮನೆಗೂ ಪಾಲು ಬಂತು. ಬಿಳಿ ಅಕ್ಕಿ, ಸಣ್ಣ ಕಾಳು. ಅದನ್ನೇ ಬೇಯಿಸಿಕೊಂಡು ಉಂಡಳು.

ಅಂಚಿನ ಸಾಲು ಮಾಗುವುದಕ್ಕೆ ಇನ್ನೂ ಎರಡು ತಿಂಗಳು ಹಿಡಿಯಿತು. ಕೊಯ್ಲಿಗೆ ಯಾರನ್ನೂ ಕರೆಯದೆ, ಬೆಳಗಿನ ಇಬ್ಬನಿಯಲ್ಲೇ ಕುಡುಗೋಲು, ಬುಟ್ಟಿ, ಬುಟ್ಟಿಗೆ ಹಾಸಲು ಬಟ್ಟೆ ಹಿಡಿದು ಮೀಸೆಯಕ್ಕ ಒಬ್ಬಳೇ ಹೋದಳು. ಮೊದಲ ಮೂಲೆ ಮುಗಿಸಿ ತಲೆ ಎತ್ತಿದರೆ ಎದುರು ಮೂಲೆಯಲ್ಲಿ ಕಿರಿಯವಳು ಬಗ್ಗಿ ಕೊಯ್ಯುತ್ತಿದ್ದಳು.

“ನಿನ್ನನ್ನ ಯಾರೇ ಕರೆದ್ರು?”

“ಯಾರೂ ಕರೀಲಿಲ್ಲ.”

“ನನ್ನ ಮೇಲೆ ಕರುಣೆ ತೋರಿಸೋಕೆ ಬಂದ್ಯಾ?”

ಕಿರಿಯವಳು ನೆಟ್ಟಗೆ ನಿಂತಳು. “ನಿನಗೋಸ್ಕರ ಬಂದಿಲ್ಲ ಅಕ್ಕಾ. ಬೀಜಕ್ಕೋಸ್ಕರ ಬಂದೆ. ಆವತ್ತು ನಕ್ಕಿದ್ದು ನನ್ನ ತಪ್ಪು, ಒಪ್ಕೋತೀನಿ. ಆದ್ರೆ ನೀನು ಮಾಡಿದ್ದಕ್ಕೆ ನನಗಿನ್ನೂ ಸಿಟ್ಟಿದೆ. ಬಿಸಿಲೇರೋ ಮುಂಚೆ ಮುಗಿಸೋಣ, ಮಾತು ಬೇಡ.”

ಮೀಸೆಯಕ್ಕ ಬಾಯಿ ಮುಚ್ಚಿಕೊಂಡು ಬಗ್ಗಿದಳು. ಆದರೆ ಕಣ್ಣು ಸುಮ್ಮನಿರಬೇಕಲ್ಲ. ಮೀಸೆ ಭತ್ತಕ್ಕೆ ಇನ್ನೊಂದು ಕೆಟ್ಟ ಚಾಳಿ ಉಂಟು, ಮುಟ್ಟಿದರೆ ಉದುರುತ್ತದೆ. ಬೆಳ್ಳಿಯನ್ನು ಹಿಡಿದ ಹಾಗೆ ಬುಡ ಹಿಡಿದು ಕುಡುಗೋಲು ಎಳೆದರೆ ಪೈರು ಒದರಿ, ಮಾಗಿದ ಕಾಳೇ ಮೊದಲು ನೆಲಕ್ಕೆ ಬೀಳುತ್ತದೆ. ಕಿರಿಯವಳು ಹಾಗೆಯೇ ಎಳೆಯುತ್ತಿದ್ದಳು. ಪ್ರತಿ ಎಳೆತಕ್ಕೂ ಹತ್ತಿಪ್ಪತ್ತು ಕಾಳು ಕೆಸರಿಗೆ ಉದುರಿ ಹುದುಗುತ್ತಿದ್ದವು. ಅವಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಮುಚ್ಚುಮರೆ ಯಾಕೆ, ಮೀಸೆಯಕ್ಕನಿಗೆ ಖುಷಿಯಾಯಿತು. ಮೈಯೆಲ್ಲ ತಂಪಾಗುವಷ್ಟು ಖುಷಿ. ಬರುವುದಿಲ್ಲ ಇವಳಿಗೆ! ಫೋಟೋದವಳಿಗೆ ಇದು ಬರುವುದಿಲ್ಲ! ಸುಮ್ಮನಿದ್ದರೆ ಸಾಕು, ಮುಂದಿನ ವರ್ಷ ಅರ್ಧ ಗದ್ದೆ ಬೀಜವೂ ಇವಳ ಕೈಯಲ್ಲಿ ನೆಲದ ಪಾಲಾಗುತ್ತದೆ. ಆಗ ಎಲ್ಲರೂ ಬಂದು ತನ್ನ ಬಾಗಿಲು ತಟ್ಟುತ್ತಾರೆ. ಕಿರಿಯವಳು ಇನ್ನೊಂದು ಹಿಡಿ ಎಳೆದಳು. ಇನ್ನೊಂದು. ಉದುರಿದ ಕಾಳುಗಳ ಮೇಲೆಯೇ ಕಾಲಿಟ್ಟು ಮುಂದೆ ಹೋದಳು. ಎರಡೇ ಗದ್ದೆಗಾಗುವಷ್ಟಿದ್ದ ಬೀಜ ಅದು. ಅಜ್ಜಿಯ ಗದ್ದೆಯ ಪಾಲು ಕಣ್ಣೆದುರೇ ಕೆಸರಿಗೆ ಹೋಗುತ್ತಿತ್ತು.

“ನಿಲ್ಲೇ!” ಮೀಸೆಯಕ್ಕ ಕೂಗಿದ ಜೋರಿಗೆ ಕಿರಿಯವಳ ಕೈಯಿಂದ ಕುಡುಗೋಲು ಜಾರಿತು. “ಹಾಗಲ್ಲ ಅದು. ಬುಡ ಹಿಡೀಬೇಡ, ಕತ್ತು ಹಿಡಿ. ಮೆತ್ತಗೆ. ಮಗು ತಲೆ ಹಿಡಿದ ಹಾಗೆ ಹಿಡಿದು ಬುಟ್ಟಿ ಒಳಕ್ಕೆ ಬಗ್ಗಿಸು. ಬಗ್ಗಿಸಿದ ಮೇಲೆ ಕೊಯ್ಯಿ. ತಾ ಇಲ್ಲಿ.”

ಅವಳ ಹಿಂದೆ ನಿಂತು, ಅವಳ ಕೈಯ ಮೇಲೆ ಕೈಯಿಟ್ಟು ತೋರಿಸಿದಳು. ಕಿರಿಯವಳು ಮೊದಲ ಹಿಡಿಯಲ್ಲಿ ನಾಲ್ಕು ಕಾಳು ಉದುರಿಸಿದಳು, ಎರಡನೆಯದರಲ್ಲಿ ಒಂದು. ಮೂರನೆಯ ಹಿಡಿಗೆ ಒಂದೂ ಬೀಳಲಿಲ್ಲ. ಮೀಸೆಯಕ್ಕನಿಗೆ ಅದು ಕೈಗೆ ಕೂರಲು ಎರಡು ವರ್ಷ ಹಿಡಿದಿತ್ತು, ಅತ್ತೆಯ ಹತ್ತಿರ ಬೈಸಿಕೊಂಡಿದ್ದಕ್ಕಂತೂ ಲೆಕ್ಕವಿಲ್ಲ. ಇವಳಿಗೆ ಮೂರೇ ಹಿಡಿ ಸಾಕಾಯಿತು.

“ಈಗ ಸರಿಯಾ ಅಕ್ಕಾ?”

ಮೀಸೆಯಕ್ಕನ ಹೊಟ್ಟೆ ಚುರ್ರೆಂದಿತು. ಮೊದಲಿನಷ್ಟೇ ಉರಿಯಿತು, ಒಂದಿಷ್ಟೂ ಕಡಿಮೆಯಿಲ್ಲ.

“ಸರಿ” ಅಂದಳು. “ಮೊಣಕೈ ಇನ್ನೂ ಸ್ವಲ್ಪ ಒಳಗೆ ತಗೋ.”